ಸೀಟಿಯನ್ನು ನಾನು ವಾಪಸು ಕೊಡುವುದಿಲ್ಲ

ಮಾನ್ಯ ಜಿಲ್ಲಾ ವಿಪತ್ತು ಸಿದ್ಧತಾ ಅಧಿಕಾರಿಗಳೇ,

ನಿಮ್ಮ ನೋಟಿಸು ಕೈಸೇರಿತು. ಹೋದ ವರ್ಷದ ಆಗಸ್ಟಿನಲ್ಲಿ ನಡೆದ ಪ್ರವಾಹದ ಅಣಕು ಕವಾಯತಿನಿಂದ ನನ್ನ ಬಳಿ ಉಳಿದಿರುವ ‘ಸರ್ಕಾರಿ ಸ್ವತ್ತು: ಸೀಟಿ, ಉಕ್ಕಿನದು, ಒಂದು’ ಎಂಬುದನ್ನು ಹದಿನಾಲ್ಕು ದಿನಗಳೊಳಗೆ ಒಪ್ಪಿಸಬೇಕು ಎಂದಿದ್ದೀರಿ. ಒಪ್ಪಿಸುವುದಿಲ್ಲ. ಕಾರಣವನ್ನು ಪತ್ರಿಕೆಯಲ್ಲೇ ಹೇಳುತ್ತಿದ್ದೇನೆ, ಏಕೆಂದರೆ ನಾನು ಕಚೇರಿಗೆ ಬಂದಾಗಲೆಲ್ಲ ನೀವು ಸಿದ್ಧತಾ ಸಭೆಯಲ್ಲಿರುತ್ತೀರಿ. ಇಷ್ಟೊಂದು ಸಿದ್ಧರಾಗುತ್ತಿರುವ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಕಡವಿನಲ್ಲಿ ಮೀನು ಕರಿಯುತ್ತಿದ್ದವಳು ನಾನು. ಈಗ ಜನರನ್ನು ದಾಟಿಸುವ ನಾಲ್ಕು ಮರದ ದೋಣಿಗಳು ನನ್ನವೇ ಇವೆ. ಹತ್ತಿದವರೆಷ್ಟು, ಇಳಿದವರೆಷ್ಟು ಎಂದು ಎಣಿಸುವುದು ನನ್ನ ಚಾಳಿ. ಒಂದು ತಲೆ ಕಡಿಮೆಯಾದರೆ ಮೊಸಳೆಯನ್ನು ಯಾರೂ ವಿಚಾರಿಸುವುದಿಲ್ಲ, ನನ್ನನ್ನು ವಿಚಾರಿಸುತ್ತಾರೆ. ಆದ್ದರಿಂದ ಆ ಕವಾಯತಿನ ಲೆಕ್ಕವೂ ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಮಲಾವಿಯಲ್ಲಿ ಆಗಸ್ಟು ಒಣ ಬೇಸಿಗೆ, ಮಳೆ ಶುರುವಾಗುವುದು ನವೆಂಬರ್ ಮುಗಿದ ಮೇಲೆ. ಕವಾಯತು ನಡೆದದ್ದು ಫುಟ್‌ಬಾಲ್ ಮೈದಾನದಲ್ಲಿ. ಬೂದಿಯಲ್ಲಿ ಎಳೆದ ಎರಡು ಗೆರೆಗಳೇ ಶಿರೆ ನದಿ. ನನ್ನ ದೋಣಿಯನ್ನು ಎಂಟು ಗಂಡಸರು ಹೆಗಲ ಮೇಲೆ ಹೊತ್ತು ಆ ನದಿಯನ್ನು ದಾಟಿಸಿದರು. ಮಳೆಗಾಲದಲ್ಲಿ ರಸ್ತೆ ಕೆಡುವುದರಿಂದ ಪ್ರವಾಹದ ಕವಾಯತು ಬೇಸಿಗೆಯಲ್ಲೇ ಅನುಕೂಲ ಎಂದು ನೀವು ಭಾಷಣ ಮಾಡಿದಿರಿ. ನನಗೆ ಸಿಕ್ಕಿದ್ದು ‘ಮುಳುಗಿದವರು, ಸಂಖ್ಯೆ ಹನ್ನೊಂದು’ ಎಂಬ ಪಾತ್ರ, ಕೊರಳಿಗೊಂದು ಕಪ್ಪು ಚೀಟಿ. ಮಲಗಿದ್ದಲ್ಲಿಂದಲೇ ತಲೆಯೆತ್ತಿ ಕೇಳಿದೆ: “ಸಾಹೇಬ್ರೇ, ಮುಳುಗೋರು ನಾವು ಪೂರ್ವದ ದಂಡೆಯೋರು. ಔಷಧಿ ಪೆಟ್ಟಿಗೆ ಯಾಕೆ ನಿಮ್ಮ ದಂಡೇಲಿದೆ?”

“ಅಮಾಯಿ,” ಎಂದಿರಿ, ಅಮ್ಮಾ ಎಂದು ಮರ್ಯಾದೆಯಿಂದಲೇ, “ನೀವು ಸತ್ತಿದ್ದೀರಿ. ಸತ್ತೋರು ಪ್ರಶ್ನೆ ಕೇಳಬಾರದು.”

ಎಲ್ಲರೂ ನಕ್ಕರು. ಹೆಣವೂ ನಕ್ಕಿತು. ಆಮೇಲೆ ನೀವು ಸೀಟಿ ಊದಿದಿರಿ. ಆ ಪೆಟ್ಟಿಗೆಯಿದ್ದ ಉಗ್ರಾಣದ ಕಾವಲುಗಾರ ಲಾಮೆಕಿ ಓಡಿಹೋಗಿ, ಇಪ್ಪತ್ತು ಎಣಿಸುವಷ್ಟರಲ್ಲಿ ಬಾಗಿಲು ತೆರೆದ. ಫೋಟೋ ಸರಿ ಬರಲಿಲ್ಲವೆಂದು ಐದು ಸಲ ಊದಿದಿರಿ, ಐದು ಸಲವೂ ತೆರೆದ. ಕೊನೆಗೆ ಸೋಡಾ ಕುಡಿಯಲು ಕೈ ಖಾಲಿ ಬೇಕೆಂದು ಸೀಟಿಯನ್ನು ನನ್ನ ಕೈಗಿತ್ತು, ಹಾಗೆಯೇ ಜೀಪು ಹತ್ತಿ ಹೊರಟುಹೋದಿರಿ.

ಜನವರಿಯಲ್ಲಿ ನಿಜವಾದ ನದಿ ಬಂತು. ಬೂದಿಗೆರೆಯನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಮ್ಮ ಆರೋಗ್ಯ ಕೇಂದ್ರ ಕಿಟಕಿಯವರೆಗೆ ಮುಳುಗಿತು, ಫೋನುಗಳು ಸತ್ತವು. ದಿಬ್ಬದ ಶಾಲೆಯಲ್ಲಿ ಮೂವತ್ತೆರಡು ಮನೆಯವರು, ಅವರ ನಡುವೆ ನನ್ನ ತಮ್ಮನ ಹೆಂಡತಿ ಫಲೆಸಿ, ಹೆರಿಗೆ ನೋವಿನಲ್ಲಿ.

ನರ್ಸ್ ಡೆಲಿಯಾ ನನ್ನನ್ನು ಮೂಲೆಗೆ ಕರೆದಳು. “ಅಮಾಯಿ, ಹೋದ ಸಲ ಹೆತ್ತಾಗ ಇವಳಿಗೆ ರಕ್ತ ನಿಲ್ಲಲೇ ಇಲ್ಲ. ಅದನ್ನ ನಿಲ್ಲಿಸೋ ಇಂಜೆಕ್ಷನ್ನು ನೀರುಪಾಲಾಯ್ತು. ಆಚೆ ದಂಡೆ ಉಗ್ರಾಣದ ಪೆಟ್ಟಿಗೆ ಬರದಿದ್ರೆ ನನ್ನ ಕೈಲಿ ಏನೂ ಇಲ್ಲ.”

ಫಲೆಸಿಗೆ ಕೇಳಿಸಿತು. ಹಲ್ಲು ಕಚ್ಚಿಕೊಂಡೇ ಅಂದಳು: “ಅಕ್ಕಾ, ಹೋಗಿ ಬಾ, ತಡ್ಕೊಂಡಿರ್ತೀನಿ. ಆದ್ರೆ ದಾರೀಲಿ ಹರಟೆ ಹೊಡೀಬೇಡ.”

ನಿಮ್ಮ ಎಂಜಿನ್ ದೋಣಿ ಕಚೇರಿಯ ಅಂಗಳದಲ್ಲಿ ಸರಪಳಿ ಬಿಗಿದುಕೊಂಡು ಭದ್ರವಾಗಿತ್ತು. ಅದು ಬೇಕೆಂದು ಡೆಲಿಯಾ ಬರೆದ ಅರ್ಜಿಯನ್ನು ನಿಮಗೆ ಮುಟ್ಟಿಸಲು ನನ್ನ ದೋಣಿ ಬೇಕಾಯಿತು! ನೀರಾನೆಗಳಿಂದ ತಪ್ಪಿಸಿಕೊಂಡು, ಸುತ್ತು ಹಾಕಿ ಬಂದು ನೋಡಿದರೆ ಉಗ್ರಾಣಕ್ಕೆ ಮುದ್ರೆ.

“ಒಡೆಯೋ ಹಾಗಿಲ್ಲ, ಅಮಾಯಿ. ವಿಪತ್ತು ಘೋಷಣೆ ಆಗಿದೆ ಅಂತ ಕಾಗದ ಬರಬೇಕು,” ಅಂದ ಲಾಮೆಕಿ.

“ಯಾರು ತರ್ತಾರೆ?”

“ಸಾಹೇಬ್ರು.”

“ಎಲ್ಲಿದ್ದಾರೆ?”

“ಸಿದ್ಧತಾ ಸಭೆಗೆ ಹೋದೋರು, ರಸ್ತೆ ಕೊಚ್ಚಿಹೋಗಿ ಅಲ್ಲೇ ಸಿಕ್ಕಿಹಾಕ್ಕೊಂಡಿದ್ದಾರೆ.”

ಬೇಡಿಕೊಂಡೆ, ಬೈದೆ, ಅವನನ್ನು ಹೆತ್ತವಳನ್ನು ನೆನಪಿಸಿದೆ. ಅವನ ಕಣ್ಣಲ್ಲೂ ನೀರು. “ಕೆಲಸ ಹೋಗುತ್ತೆ, ಅಮಾಯಿ.” ಆಗ ಕೊರಳಿಗೆ ಕೈ ಹೋಯಿತು. ಅಂಬಿಗರನ್ನು ಕರೆಯಲು ಅನುಕೂಲವೆಂದು ನಿಮ್ಮ ಸೀಟಿಯನ್ನು ದಾರದಲ್ಲಿ ಕಟ್ಟಿಕೊಂಡಿದ್ದೆ. ಎದೆತುಂಬ ಉಸಿರೆಳೆದು ಊದಿದೆ.

ಲಾಮೆಕಿಯ ತಲೆ ಯೋಚಿಸುವ ಮೊದಲೇ ಕೈ ಬೀಗದ ಮೇಲಿತ್ತು. ಹದಿನೆಂಟು ಎಣಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು, ಆಗಸ್ಟಿಗಿಂತ ಸುಧಾರಣೆ.

“ಅಯ್ಯೋ, ತೆರೆದೇಬಿಟ್ನಲ್ಲ! ಪುಸ್ತಕದಲ್ಲಿ ಏನಂತ ಬರೀಲಿ?”

“ಕವಾಯತು ಅಂತ ಬರಿ.”

ಪಾಪ, ಹಾಗೆಯೇ ಬರೆದ. ಪೆಟ್ಟಿಗೆ ನನ್ನ ದೋಣಿಯಲ್ಲಿ ನದಿ ದಾಟಿತು. ಮಧ್ಯಾಹ್ನ ಫಲೆಸಿ ಹೆಣ್ಣುಮಗುವನ್ನು ಹೆತ್ತಳು. ಹಿಂದೆಯೇ ರಕ್ತ ಬಂತು, ಡೆಲಿಯಾ ಇಂಜೆಕ್ಷನ್ ಕೊಟ್ಟಳು, ನಿಂತಿತು. ಆ ಹೊತ್ತು ನಾನು ಏನನ್ನೂ ಎಣಿಸಲಿಲ್ಲ. ಕಣ್ಣುಬಿಟ್ಟ ಫಲೆಸಿಯ ಮೊದಲ ಮಾತು: “ಇಷ್ಟು ಹೊತ್ತಾಯ್ತು ಅಂದ್ರೆ ಹರಟೆ ಹೊಡೆದೇ ಬಂದಿದ್ದಾಳೆ.”

ನಿಮ್ಮ ವಾರ್ಷಿಕ ವರದಿಯನ್ನು ಓದಿಸಿಕೊಂಡು ಕೇಳಿದೆ. ಜನವರಿಯಲ್ಲಿ ‘ಎರಡನೆಯ ಕವಾಯತು ಯಶಸ್ವಿ’ಯಂತೆ. ಆ ಯಶಸ್ಸಿನ ತನಿಖೆಯಲ್ಲಿ ಸೀಟಿಯ ಸುಳಿವು ಸಿಕ್ಕಿತು, ನನಗೆ ನೋಟಿಸು ಬಂತು. ಮುದ್ರೆ ಒಡೆದದ್ದಕ್ಕೆ ಲಾಮೆಕಿಯನ್ನು ದೂರದೂರಿಗೆ ವರ್ಗ ಮಾಡಿದಿರಿ. ಕಳೆದ ವಾರ ಹೊಸ ಕಾವಲುಗಾರನ ಮುಂದೆ ನಿಂತು ಸೀಟಿ ಊದಿ ನೋಡಿದೆ. “ಯಾಕಮ್ಮಾ, ನಾಯಿ ಕಳೆದುಹೋಯ್ತಾ?” ಅಂದ. ಕವಾಯತಿನಲ್ಲಿ ನಿಜಕ್ಕೂ ಏನನ್ನಾದರೂ ಕಲಿತಿದ್ದವನು ಇಡೀ ಜಿಲ್ಲೆಯಲ್ಲಿ ಒಬ್ಬನೇ, ಅವನನ್ನೂ ಕಳಿಸಿಬಿಟ್ಟಿರಲ್ಲ!

ಈಗ ನವೆಂಬರ್. ನಮ್ಮ ದಂಡೆಯಲ್ಲಿ ಏಳು ಜನ ಬಸುರಿಯರು, ನಾಲ್ವರಿಗೆ ದಿನ ತುಂಬುವುದು ಜನವರಿಯಲ್ಲೇ. ಹೆಸರು ಬೇಕಿದ್ದರೆ ಕೊಡುತ್ತೇನೆ. ನೀರಿಳಿದ ಮೇಲೆ ವಾಪಸು ಹೋದ ಪೆಟ್ಟಿಗೆ ಮತ್ತೆ ನಿಮ್ಮ ದಂಡೆಯಲ್ಲೇ ಇದೆ. ಮೊದಲ ಮಳೆಗೆ ಮುಂಚೆ ಅದು ದಿಬ್ಬದ ಶಾಲೆಗೆ ಬರಬೇಕು, ಕೀಲಿ ಡೆಲಿಯಾಳ ಕೈಯಲ್ಲಿರಬೇಕು. ದಾಟಿಸಲು ನನ್ನ ದೋಣಿಯಿದೆ, ಅರ್ಜಿ ಬೇಡ. ಪೆಟ್ಟಿಗೆ ನೆಲಕ್ಕಿಳಿದ ಗಳಿಗೆಯಲ್ಲೇ ನಿಮ್ಮ ಸೀಟಿಯನ್ನು ಬೂದಿ ಹಾಕಿ ತಿಕ್ಕಿ, ಹೊಳೆಯುವಂತೆ ಮಾಡಿ ಕೈಗಿಡುತ್ತೇನೆ.

ಮೈದಾನದಲ್ಲಿ ನೀವು ನದಿ ಎಳೆದು ಮಿಗಿಸಿದ ಬೂದಿ ನನ್ನ ಬಳಿ ಇನ್ನೂ ಸ್ವಲ್ಪ ಉಳಿದಿದೆ.

ಇಂತಿ, ಸತ್ತರೂ ಪ್ರಶ್ನೆ ಕೇಳುವ,
ಎಸ್ನಾತ್ ಗ್ವಲಾಡಿ
(ಮುಳುಗಿದವರು, ಸಂಖ್ಯೆ ಹನ್ನೊಂದು)
ಚಿಕೋಜೆ ಕಡವು, ಶಿರೆ ನದಿಯ ಪೂರ್ವ ದಂಡೆ, ಮಲಾವಿ