ಸೀರೆಯ ಮೇಲಿನ ಎಲೆ

ಅತ್ತೆ,

ಊರಿನ ಮನೆಯಲ್ಲಿ ಹಿರಿಯರ ಸಾಲಿನಲ್ಲಿ ನಿನ್ನ ಹೆಸರಿನ ತೆಂಗಿನಕಾಯಿಯನ್ನೂ ಇಟ್ಟಿದ್ದೇವೆ ಎಂದು ಅಪ್ಪ ಫೋನಿನಲ್ಲಿ ಹೇಳಿದ. ನಾವು ಸಿದ್ದಿಗಳು ಸತ್ತವರನ್ನು ಹೀಗೆ ಮನೆಯೊಳಗೇ ಇಟ್ಟುಕೊಳ್ಳುತ್ತೇವೆ, ಸರಿ. ಆದರೆ ನೀನು ಬದುಕಿದ್ದಾಗ ಹೇಳಬೇಕಾಗಿದ್ದ ಮಾತನ್ನು ಈಗ ಕಾಯಿಯ ಮುಂದೆ ಹೇಳಿದರೆ ಏನು ಬಂತು? ನನಗೆ ಸಿಟ್ಟು ಬಂದಿದೆ. ಆ ಪ್ರೊಫೆಸರನ ಮೇಲೆ, ನಿನ್ನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ.

ನೀನು ಬರ್ಲಿನ್ನಿಗೆ ಬಂದಿಳಿದ ದಿನ ನೆನಪಿದೆಯಾ? ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಎಂಜಿನಿಯರುಗಳನ್ನು ಕರೆಸುತ್ತಿದ್ದ, ಇಂಡಿಯಾದವರೆಂದರೆ ಕಂಪ್ಯೂಟರಿನವರು ಎಂದು ಇಲ್ಲಿನವರು ನಂಬಿದ್ದ ಕಾಲ. ನಮ್ಮ ಮುಖ, ನಮ್ಮ ಗುಂಗುರು ಕೂದಲು ನೋಡಿ ಪಾಸ್‌ಪೋರ್ಟನ್ನು ಮೂರು ಸಲ ತಿರುವಿಹಾಕುತ್ತಿದ್ದರು. ಆಫ್ರಿಕಾದಿಂದ ಚದುರಿಹೋದವರ ಕುಣಿತಗಳ ಬಗ್ಗೆ ಓದಿ ಬರೆಯುತ್ತಿದ್ದ ನನ್ನ ಪ್ರೊಫೆಸರನಿಗೆ ಮಾತ್ರ ಖುಷಿಯೋ ಖುಷಿ. ನನಗೆ ಕುಣಿತ ಕಲಿಸಿದವಳು ನೀನು ಎಂದು ಹೇಳಿದ್ದೇ ತಡ, ನಿನ್ನನ್ನೂ ನಮ್ಮ ಡಮಾಮಿ ಡೋಲು ಬಾರಿಸುವ ಇಬ್ಬರನ್ನೂ ಇಲ್ಲಿನ ಒಂದು ಉತ್ಸವಕ್ಕೆ ಕರೆಸಿದ. ನನ್ನ ವೀಸಾ ಮುಂದುವರಿಯಲು ಅವನ ಸಹಿ ಬೇಕಿತ್ತು. ಇದನ್ನು ನಿನಗೆ ಆಗ ಹೇಳಲಿಲ್ಲ.

ವೇದಿಕೆಯ ಹಿಂದಿನ ಕೋಣೆಯಲ್ಲಿ ನೀನು ಡಮಾಮಿಯನ್ನು ಕೋಣೆ ಬೆಚ್ಚಗಿಡುವ ಗೋಡೆಯ ಹೈಟ್ಸುಂಗ್ ಪಕ್ಕ ಆನಿಸಿ ಚರ್ಮ ಕಾಯಿಸುತ್ತಿದ್ದೆ. ಬೆಂಕಿ ಹಚ್ಚಬಾರದು ಎಂದಿದ್ದರಲ್ಲ, ಗೋಡೆಯ ಬಿಸಿಯೇ ಸಾಕು ಎಂದು ನಗುತ್ತಿದ್ದೆ. ಆಗ ಪ್ರೊಫೆಸರ್ ಹೂವಿನ ಅಂಗಡಿಯಿಂದ ಒಂದು ಹೊರೆ ಎಲೆ ಹೊತ್ತು ತಂದ. ಸೀರೆ ಬೇಡ, ಇದನ್ನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯಲಿ ಎಂದ. ನಿನ್ನ ಮುಖದ ನಗು ಅಲ್ಲಿಗೆ ಹೋಯಿತು.

"ಸೀರೆ ಬಿಚ್ಚಿ ಎಲೆ ಕಟ್ಕಂಡು ನಾ ಕುಣಿಯಲ್ಲ ಅಂತ ಹೇಳು ಅವಂಗೆ. ಅಷ್ಟು ಆಸೆ ಇದ್ರೆ ಅವನೇ ಕಟ್ಕಂಡು ಕುಣೀಲಿ."

ನಾನು ಅವನಿಗೆ ಏನು ಹೇಳಿದೆ ಗೊತ್ತಾ? ಸೀರೆಯ ಮೇಲೆ ಕಟ್ಟಿಕೊಳ್ಳುತ್ತಾಳಂತೆ ಎಂದೆ. ನಿನ್ನ ಕಡೆ ತಿರುಗಿ, ಎಲೆ ಕಟ್ಟದಿದ್ದರೆ ಕಾರ್ಯಕ್ರಮವೇ ರದ್ದಂತೆ ಅತ್ತೆ ಎಂದೆ. ಅವನು ಹಾಗೆ ಹೇಳಿರಲೇ ಇಲ್ಲ. ಎರಡೂ ಸುಳ್ಳು. ನೀನು ನಿನ್ನ ಕೆಂಪು ಸೀರೆಯ ಮೇಲೆ ಎಲೆ ಕಟ್ಟಿಕೊಂಡೆ.

ಕುಣಿತ ಮುಗಿದ ಮೇಲೆ ಜನರ ನಡುವಿಂದ ಒಬ್ಬ ನುಗ್ಗಿ ಬಂದ, ಗ್ರೀನ್ ಕಾರ್ಡಿನ ಎಂಜಿನಿಯರ್. ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳಿದ. "ಯಲ್ಲಾಪುರ" ಎಂದೆ ನೀನು. ಅವನು ಬೆಚ್ಚಿಬಿದ್ದ. "ಅಯ್ಯ, ನಮ್ಮ ಕಡೆಯವ್ರ ಏನ್ರೀ! ನಾ ಹುಬ್ಬಳ್ಳಿಯಂವ. ಮತ್ತ ಈ ಎಲಿ ಯಾಕ್ರೀ ಅಕ್ಕಾರ? ನಿಮ್ಮೂರಾಗ ಹಿಂಗ ಕಟ್ಕೋತಾರೇನು?"

ಅಷ್ಟು ದೊಡ್ಡ ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ನೀನು ನನ್ನನ್ನೇ ನೋಡಿದೆ. "ಇವಳನ್ನ ಕೇಳಿ" ಎಂದೆ. ನಿನಗೆ ಗೊತ್ತಾಗಿತ್ತು, ಅಲ್ಲವೇ? ಹಾಗಿದ್ದರೆ ಅಲ್ಲೇ ಕೆನ್ನೆಗೆ ಎರಡು ಬಾರಿಸಬೇಕಿತ್ತು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಜಾರಿಕೊಂಡೆ.

ಊರಿಗೆ ಹೋದವಳು ಮತ್ತೆ ಕುಣಿಯಲೇ ಇಲ್ಲ ಎಂದು ಅಪ್ಪ ಹೇಳುತ್ತಿದ್ದ. ಮೊಣಕಾಲು ನೋವಂತೆ. ಯಾವ ಮೊಣಕಾಲು ಅತ್ತೆ? ಗದ್ದೆಗೆ ಹೋಗುವಾಗ ಇಲ್ಲದ ನೋವು, ಡಮಾಮಿ ಸದ್ದು ಕೇಳಿದರೆ ಮಾತ್ರ ಬರುತ್ತಿತ್ತಾ? ನಾನು ಫೋನ್ ಮಾಡಿದಾಗ ನೀನು ಊಟ ಆಯ್ತಾ, ಚಳಿ ಇದೆಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಒಂದು ಸಲ ಬೈದಿದ್ದರೆ ನಾನೂ ಬಾಯಿಬಿಟ್ಟು ಎಲ್ಲ ಹೇಳುತ್ತಿದ್ದೆನೇನೋ. ಇಲ್ಲ, ಈ ತಪ್ಪನ್ನೂ ನಿನ್ನ ತಲೆಗೆ ಕಟ್ಟುತ್ತಿದ್ದೇನೆ, ನೋಡು.

ಇತ್ತ ಪ್ರೊಫೆಸರ್ ಪುಸ್ತಕ ಬರೆದ. ರಕ್ಷಾಪುಟದಲ್ಲಿ ನಿನ್ನ ಫೋಟೊ, ಹೆಸರಿಲ್ಲ. 'ಕಾಡಿನ ಹೆಂಗಸು' ಅಂತೆ! ಸೀರೆಯ ಮೇಲಿನ ಎಲೆಯ ಬಗ್ಗೆಯೇ ಒಂದು ಅಧ್ಯಾಯ. ಇಂಡಿಯಾದ ಬಟ್ಟೆಯನ್ನೂ ಮೀರಿ ಹೊರಬಂದ ಆಫ್ರಿಕಾದ ನೆನಪು ಅದು ಎಂದು ಇಪ್ಪತ್ತು ಪುಟ ಕೊರೆದಿದ್ದಾನೆ. ಹೂವಿನ ಅಂಗಡಿಯ ಎಲೆ, ನನ್ನ ಸುಳ್ಳು, ಅವನ ಸಿದ್ಧಾಂತ! ನಾನೂ ಅದನ್ನೇ ಉದ್ಧರಿಸಿ ಪ್ರಬಂಧ ಬರೆದು ಡಾಕ್ಟರ್ ಆದೆ. ನೀನು ಊರಿಗೆಲ್ಲ ಬೆಲ್ಲ ಹಂಚಿದೆಯಂತೆ.

ಹೋದ ತಿಂಗಳು ವಿಶ್ವವಿದ್ಯಾಲಯದ ಕಾಯಂ ಕೆಲಸಕ್ಕೆ ನನ್ನ ಉಪನ್ಯಾಸ ಇಟ್ಟಿದ್ದರು. ಆಯ್ಕೆ ಮಾಡುವವರೆಲ್ಲ ಮುಂದೆ ಕೂತಿದ್ದರು, ಅವನೂ. ಪರದೆಯ ಮೇಲೆ ನಿನ್ನ ಫೋಟೊ ಹಾಕಿದೆ. ನೀನು ಸತ್ತು ಆಗ ಇಪ್ಪತ್ತು ದಿನ. ಬರೆದುಕೊಂಡು ಹೋದದ್ದನ್ನು ಪಕ್ಕಕ್ಕಿಟ್ಟು, ಇವಳು ಭಾಗೀರಥಿ ಸಿದ್ದಿ, ನನ್ನ ಗುರು ಎಂದೆ. ಆಮೇಲೆ ನಿನ್ನ ಮಾತನ್ನು ಒಂದಕ್ಷರ ಬಿಡದೆ ಜರ್ಮನ್‌ನಲ್ಲಿ ಹೇಳಿದೆ. ಅವನೇ ಕಟ್ಟಿಕೊಂಡು ಕುಣಿಯಲಿ ಎಂದಾಗ ಸಭೆ ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ. ಆ ಸುಳ್ಳು ನನ್ನದು, ಅವನ ಅಧ್ಯಾಯವೂ ನನ್ನ ಪ್ರಬಂಧವೂ ಅದರ ಮೇಲೆ ನಿಂತಿವೆ ಎಂದೆ. ಆಗ ಯಾರೂ ನಗಲಿಲ್ಲ.

ಕೆಲಸ ಬೇರೆಯವರಿಗೆ ಆಯಿತು. ನಿನ್ನೆ ಪತ್ರ ಬಂತು. ಹೋಗಲಿ ಬಿಡು.

ನಾನು ಊರಿಗೆ ಬರುತ್ತಿದ್ದೇನೆ, ಡಮಾಮಿಯನ್ನು ಅಟ್ಟದಿಂದ ಕೆಳಗಿಳಿಸಿ ಬಿಸಿಲಿಗಿಡಲು ಅಪ್ಪನಿಗೆ ಹೇಳಿದ್ದೇನೆ. ಬಂದವಳೇ ನಿನ್ನ ಕಾಯಿಯ ಮುಂದೆ ಕೂತು ಈ ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ, ಮನೆಯವರೆಲ್ಲ ಕೇಳಲಿ, ಬೈಯುವವರು ಬೈಯಲಿ. ಆಮೇಲೆ ನಿನ್ನ ಆ ಕೆಂಪು ಸೀರೆ ಉಟ್ಟು ಕುಣಿಯುತ್ತೇನೆ. ಬರೀ ಸೀರೆಯಲ್ಲಿ.

ನಿನ್ನ ಅಣ್ಣನ ಮಗಳು