ಹಾಲು-ತುಪ್ಪ ಬಿಟ್ಟ ಗುಂಡಿ

ಹುತ್ರಿದುರ್ಗ
೪-೪-೨೦೦೩

ನನ್ನ ಅವ್ವನಿಗೆ, ಬೆಳ್ಳಾವಿಯ ಕಡೆ ತಿರುಗಿ ನಿಂತು ನಿನ್ನ ಮಗಳು ಮಾಡುವ ನಮಸ್ಕಾರ.

ಅವ್ವಾ, ಬೆಳ್ಳಿ ತಿಂದಳು! ಗುಂಡಿಯ ಮೇವನ್ನು ಮಂಕರಿ ತುಂಬ ಇಟ್ಟರೆ ತಳ ನೆಕ್ಕಿ, ಇನ್ನೂ ಬೇಕು ಅಂತ ಅಂಬಾ ಅಂದಳು. ಖುಷಿಯಲ್ಲಿ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಯಾವ ಗುಂಡಿ ಅಂತೀಯಾ? ಎರಡು ವರ್ಷದಿಂದ ಮಳೆ ಕೈಕೊಟ್ಟು ಬೇಸಿಗೆಯಲ್ಲಿ ಹಸಿಮೇವೇ ಇರಲಿಲ್ಲ. ಬೆಳ್ಳಿಯ ಹಾಲು ಇಳಿಯಿತು. ನಿನ್ನ ಅಳಿಯ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು, “ಯುಗಾದಿ ಹೊತ್ಗೆ ಹಸಿಮೇವು ಇಲ್ದಿದ್ರೆ ಹಸು ಮಾರ್ಬುಡ್ತೀನಿ ಕಣೇ, ಅಷ್ಟೇ.” ನೀನು ಮದುವೆಯಲ್ಲಿ ಬಳುವಳಿ ಕೊಟ್ಟ ಕರು! ದೀಪಾವಳಿಗೆ ಅಲ್ಲಿಗೆ ಬಂದಾಗ ನಿನಗೆ ಹೇಳಲು ಬಾಯಿ ಬರಲಿಲ್ಲ.

ತುಮಕೂರಿನಲ್ಲಿ ನಮ್ಮ ಹಾಲಿನ ಸಂಘದ ಹೆಂಗಸರಿಗೆ ರಸಮೇವು ಮಾಡುವುದನ್ನು ಕಲಿಸಿದ್ದರು. ಮುಸುಕಿನ ಜೋಳವನ್ನು ಹಸಿರಿದ್ದಾಗಲೇ ಕೊಚ್ಚಿ, ಗುಂಡಿಗೆ ತುಳಿದು ತುಂಬಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮಣ್ಣು ಮುಚ್ಚುವುದು. ಬೇಸಿಗೆಗೆ ತೆಗೆಯುವುದು. ನಮ್ಮ ಉಪ್ಪಿನಕಾಯಿ ಇದ್ದ ಹಾಗೆ. ಮಳೆಗಾಲದಲ್ಲಿ ಬಂದಷ್ಟು ಜೋಳದಲ್ಲೇ ನಾನೂ ಮಾಡಿದೆ.

ಆದರೆ ಹಿತ್ತಲಲ್ಲಿ ಉದ್ದಕ್ಕೆ ಎದ್ದ ಆ ದಿಬ್ಬ ನೋಡಿ ಪಕ್ಕದ ಮನೆ ತಿಪ್ಪಮ್ಮ ಏನು ತಿಳಿದಳು ಗೊತ್ತಾ? ಮಗಳ ಊರಿಗೆ ಹೋಗಿದ್ದವಳು ಬಂದವಳೇ, ಕಾಯಿಲೆ ಮಲಗಿದ್ದ ನಮ್ಮ ಅತ್ತೆ ಹೋಗಿಬಿಟ್ಟರು ಅಂದುಕೊಂಡು, ಹಾಲು-ತುಪ್ಪ ತಂದು ದಿಬ್ಬದ ಮೇಲೆ ಬಿಟ್ಟು ಗೋಳೋ ಅಂತ ಅತ್ತಳು! ಅತ್ತೆ ಗೋಡೆ ಹಿಡಿದು ಹೊರಗೆ ಬಂದು, “ಏನ್ಲೇ ತಿಪ್ಪಿ, ನಾನಿನ್ನೂ ಬದ್ಕಿವ್ನಿ ಕಣೇ” ಅಂದರು. ನನಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಅತ್ತೆ ನಗಲಿಲ್ಲ. ಬದುಕಿರುವಾಗಲೇ ಗೋರಿ ತೋಡಿದಳು ಅಂತ ಅವತ್ತಿನಿಂದ ನನ್ನ ಜೊತೆ ಮಾತೇ ಬಿಟ್ಟರು.

ಮೊನ್ನೆ ಯುಗಾದಿ ಆಯಿತು. ಗುಂಡಿ ತೆಗೆಯಲು ನನಗೇ ಧೈರ್ಯ ಇಲ್ಲ, ಕೊಳೆತಿದ್ದರೆ? ಇವತ್ತು ಬೆಳಿಗ್ಗೆ ದಲ್ಲಾಳಿ ಬಂದೇಬಿಟ್ಟ. ಅತ್ತೆ ಕೋಲು ಹಿಡಿದು ಕೊಟ್ಟಿಗೆ ಬಾಗಿಲಲ್ಲೇ ಕೂತಿದ್ದರು. ನನ್ನ ಅಳು ನೋಡಲು ಕೂತಿದ್ದಾರೆ ಅಂತ ಹೊಟ್ಟೆ ಉರಿಯಿತು. ಗುದ್ದಲಿ ಹಿಡಿದು ಓಡಿದೆ. ಪ್ಲಾಸ್ಟಿಕ್ ಸರಿಸಿದರೆ ಹುಳಿ ವಾಸನೆ! “ಕೊಳ್ತೋಗದೆ ಬುಡು” ಅಂದರು ನಿನ್ನ ಅಳಿಯ. ಬೆಳ್ಳಿ ಮೂಸಿದಳು, ತಲೆ ಕೊಡವಿದಳು. ಇನ್ನೊಂದು ಹಿಡಿ ತೆಗೆದು ಮೂತಿಗೆ ಹಿಡಿದೆ. ಆಮೇಲೆ ತಿಂದಳು ನೋಡು! ದಲ್ಲಾಳಿ ಬಂದ ದಾರಿ ಹಿಡಿದ.

ಸಂಘದ ಹೆಂಗಸರೆಲ್ಲ ಬಂದು ಮೂಸಿ ನೋಡಿ ಹೋದರು, ಈ ಮಳೆಗಾಲಕ್ಕೆ ಅವರೂ ಗುಂಡಿ ತೋಡುತ್ತಾರಂತೆ. ಬೇಸಿಗೆಯಲ್ಲೂ ಹಾಲು ಸಿಕ್ಕರೆ ಹಾಲಿನ ವ್ಯಾನ್ ನಮ್ಮೂರನ್ನು ಬಿಟ್ಟು ಹೋಗುವುದಿಲ್ಲ. ನೀನು ಬೇಗ ಬಾ, ಬೆಳ್ಳಿಯನ್ನು ನೋಡುವೆಯಂತೆ.

ಇಂತಿ ನಿನ್ನ ಹಟಮಾರಿ ಮಗಳು,
ಸ್ವರ್ಣಲತಾ

ಮರೆತಿದ್ದೆ: ನಾನು ಗುಂಡಿ ತೆಗೆಯುವ ತನಕ ದಲ್ಲಾಳಿ ಹಸು ಬಿಚ್ಚದೆ ಯಾಕೆ ಕಾದ ಅಂತ ಈಗ ಗೊತ್ತಾಯಿತು. ಅತ್ತೆ ಅವನನ್ನು ಕೊಟ್ಟಿಗೆಯ ಒಳಗೇ ಬಿಡಲಿಲ್ಲವಂತೆ. “ನನ್ ಗೋರೀಲಿ ಏನದೆ ಅಂತ ನಾನ್ ನೋಡೋಗಂಟ ಹಸ ಕದಲ್ಬಾರ್ದು” ಅಂದರಂತೆ. ಸಂಜೆ ತಾವಾಗಿಯೇ ನನ್ನನ್ನು ಕರೆದು ಕೂರಿಸಿಕೊಂಡು ಅಂದರು, “ನಾನ್ ಹೋದಾಗ ಹಾಲು-ತುಪ್ಪಕ್ಕೆ ಬೆಳ್ಳಿ ಹಾಲೇ ಆಗ್ಬೇಕು ಕಣವ್ವ. ಮುಂದಿನ್ ಸಲ ಗುಂಡಿ ಇನ್ನೂ ದೊಡ್ದಾಗಿ ತೋಡು.”