ಗುಡಾರ ಕಿತ್ತ ಜಾಗ

ಬಿಷ್ಕೆಕ್, ಮೇ ಹತ್ತು

ಅಕ್ಕಾ,

ಚೌಕಟ್ಟು ಹಾಕಿಸಲು ಇವತ್ತು ನಮ್ಮ ಅಂಗಡಿಗೆ ಬಣ್ಣದ ಪೆನ್ಸಿಲಿನ ಒಂದು ಚಿತ್ರ ಬಂತು. ಗುಡ್ಡವಿರಬಹುದೆನ್ನಿಸುವ ಬೂದು ಗೀರುಗಳು, ಕೆಳಗೆ ತೆಳುಹಸಿರು, ನಡುವೆ ಮಸುಕು ಹಳದಿಯ ಒಂದು ವೃತ್ತ. ಅಷ್ಟೇ, ಆದರೂ ಕಣ್ಣು ಕೀಳಲಾಗಲಿಲ್ಲ. ಯಜಮಾನ ತೆಮಿರ್ಕಾನ್ ಆ ವೃತ್ತವನ್ನು ಚಹಾ ಬಟ್ಟಲಿನ ಕಲೆಯೆಂದುಕೊಂಡು ರಬ್ಬರ್ ಎತ್ತಿದರು. ನಾನು ಅವರ ಕೈ ಹಿಡಿದೆ.

"ಅಣ್ಣಾ, ಕಲೆ ಅಲ್ಲ ಅದು. ದುಂಡು ಗುಡಾರ ಕಿತ್ತ ಜಾಗ. ಬಿಸಿಲು ಕಾಣ್ದೆ ಹುಲ್ಲು ಹಳದಿಯಾಗಿದೆ."

"ಶಾಲೆ ಬಿಟ್ಟೋನು ನನಗೇ ಪಾಠ ಹೇಳ್ತೀಯೇನೋ?"

"ಶಾಲೇಲಿ ಇದನ್ನ ಹೇಳ್ಕೊಡಲ್ಲ, ಅಣ್ಣಾ."

ಸಂಜೆ ಚಿತ್ರ ಬರೆದಾಕೆ ಬಂದಾಗ ಆ ವೃತ್ತ ಏನೆಂದು ಅವರೇ ಕೇಳಿದರು. "ನಮ್ಮಜ್ಜಿ ಗುಡಾರ ಇದ್ದ ಜಾಗ" ಎಂದಳು. ಯಜಮಾನರು ರಬ್ಬರನ್ನು ಜೇಬಿಗಿಳಿಸಿದರು.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೇಸಿಗೆಗೆ ಕುರಿ ಹೊಡೆದುಕೊಂಡು ಇನ್ನೆಂದೂ ಬೆಟ್ಟ ಹತ್ತುವುದಿಲ್ಲವೆಂದು ನಿನ್ನೆದುರು ಕೂಗಾಡಿ ಬಂದವನು ನಾನು. ಕುರಿ ಕಾಯುವುದು ಈಗಲೂ ಇಷ್ಟವಿಲ್ಲ, ಸುಳ್ಳು ಹೇಳಲಾರೆ. ಆದರೆ ಅಪ್ಪ ತೀರಿಕೊಂಡ ಮೇಲೆ ಗುಡಾರ ನಿಲ್ಲಿಸುವಾಗ ಅದರ ಮರದ ನೆತ್ತಿಬಳೆ ಎತ್ತಬೇಕಾದ ಗಂಡಸು ನಮ್ಮ ಮನೆಯಲ್ಲಿ ನಾನೊಬ್ಬನೇ.

ನನ್ನ ಕೆಮ್ಮು ವಾಸಿಯಾಗಿದೆ. ಶನಿವಾರದ ಬಸ್ಸಿಗೆ ಬರುತ್ತೇನೆ. ಈ ಕಾರ್ಡು ನನಗಿಂತ ಮೊದಲು ತಲುಪಿದರೆ, ನೆತ್ತಿಬಳೆಯನ್ನು ನೆರೆಯವರ ಕೈಲಿ ಎತ್ತಿಸಬೇಡ.

ಎಲ್ದೋಸ್